ಡಬ್ಬಿಯ ಮುಚ್ಚಳ ಮತ್ತು ಮೂರನೆಯ ಗೋಲು

ನಮ್ಮ ಅಡುಗೆಮನೆಯಲ್ಲಿ ಒಂದು ಹಳೆಯ ಸ್ಟೀಲ್ ಡಬ್ಬಿಯಿದೆ. ಅದರ ಮುಚ್ಚಳವನ್ನು ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತದೆ. ಇಂಥ ನಿರುಪದ್ರವಿ ವಸ್ತುವಿಗೂ ನಮ್ಮೂರು ಜೇವರ್ಗಿಯ ಹಾಕಿ ತಂಡದ ಪರಾಭವಕ್ಕೂ ಸಂಬಂಧವಿದೆಯೆಂದರೆ ನೀವು ನಗುತ್ತೀರಿ. ಮೊದಲು ನಾನೂ ನಕ್ಕಿದ್ದೆ.

ನಾನು ಹಾಕಿಯ ಕಟ್ಟಾ ಅಭಿಮಾನಿ. ಆಟಗಾರ ಎನ್ನುವ ಧೈರ್ಯವಿಲ್ಲ. ಕಾಲೇಜಿನಲ್ಲಿ ಮೀಸಲು ಆಟಗಾರರ ಚೀಲ ಕಾಯುವ ಪದವಿಗೇರಿ, ಅಲ್ಲಿಂದಲೇ ಸಗೌರವ ನಿವೃತ್ತನಾದವನು. ಊರೆಲ್ಲ ಕ್ರಿಕೆಟ್ಟನ್ನು ಜಪಿಸುವಾಗ ಕೋಲು ಹಿಡಿದು ಓಡುವ ನಮ್ಮ ಹನ್ನೊಂದು ಮಂದಿಯಲ್ಲಿ ಗೋಲ್‌ಕೀಪರ್ ಶರಣು ನನಗೆ ಅಚ್ಚುಮೆಚ್ಚು. ವೃತ್ತಿಯಲ್ಲಿ ದರ್ಜಿಯಾದ ಅವನು ಹದಿನೈದು ವರ್ಷ ಗೋಲು ಕಾದರೂ ಒಮ್ಮೆಯೂ ಕಪ್ ಎತ್ತಿದವನಲ್ಲ. ಮೊಣಕಾಲು ಮುಷ್ಕರ ಹೂಡಿದ್ದರಿಂದ, ಅಫಜಲಪುರದಲ್ಲಿ ಆಳಂದದವರ ಎದುರಿನ ಫೈನಲ್ಲೇ ಅವನ ಕೊನೆಯ ಆಟವೆಂದು ನಿಶ್ಚಯವಾಗಿತ್ತು. ಆ ಕಪ್ ಅವನ ಕೈ ಸೇರಲೆಂದು ನಾನು ಬಯಸಿದಷ್ಟು ಅವನೂ ಬಯಸಿರಲಿಕ್ಕಿಲ್ಲ.

ಬರಿಗೈಯಲ್ಲಿ ಹೋಗುವುದುಂಟೇ? ನನ್ನ ಹೆಂಡತಿ ಡಬ್ಬಿ ತುಂಬ ಶೇಂಗಾ ಹೋಳಿಗೆ ಮಾಡಿಕೊಟ್ಟು, “ಆಟ ಮುಗದ ಮ್ಯಾಲ ಕೊಡ್ರಿ” ಎಂದು ಎಚ್ಚರಿಸಿದ್ದಳು. ಆದರೆ ವಿರಾಮದ ಹೊತ್ತಿಗೆ ನಾವು ಎರಡು ಗೋಲು ಮುಂದಿದ್ದೆವು. ಆನಂದಾತಿರೇಕದಲ್ಲಿ ಮುಚ್ಚಳ ತಾನಾಗಿಯೇ ಎದ್ದಿತು. ನಮ್ಮ ಕಡೆಯ ಉಪಚಾರ ನಿಮಗೆ ತಿಳಿಯದ್ದೇನಲ್ಲ: ಸಾಕೆಂದವನಿಗೆ ಎರಡು, ಕೈ ಅಡ್ಡ ಹಿಡಿದವನಿಗೆ ಬೆರಳ ಸಂದಿಯಿಂದ ಮತ್ತೊಂದು. “ನನ್ನ ಆಣಿ ಅದ, ತಿನ್ರಲೇ!” ಎಂದು ಬಡಿಸಿದೆ. “ಸಾಕ್ರಿ ಕಾಕಾ, ಇನ್ನಾ ಆಡೋದದ” ಎಂದ ಶರಣು ನನ್ನ ಮುಖ ಸಣ್ಣದಾದದ್ದನ್ನು ಕಂಡು ಐದನೆಯದನ್ನೂ ತಿಂದ. ಆಳಂದದವರನ್ನೂ ಕರೆದೆ. “ಆಟ ಆದ ಮ್ಯಾಲ ತಿಂತೇವ್ರಿ” ಎಂದು ಅವರು ನೀರು ಕುಡಿದು ಸುಮ್ಮನಾದರು. ಅವರ ಅರಸಿಕತೆಗೆ ನನಗೆ ಕನಿಕರವೇ ಆಯಿತು.

ವಿರಾಮದ ನಂತರ ನಮ್ಮವರು ಮದುವೆ ಊಟ ಮುಗಿಸಿ ಎಲೆ-ಅಡಿಕೆಗೆ ಕಾದವರ ಹಾಗೆ ನಡೆದಾಡಿದರು. ಆಳಂದದವರ ಗೋಲು ಒಂದಾಯಿತು, ಎರಡಾಯಿತು. ಕೊನೆಯ ನಿಮಿಷದಲ್ಲಿ ಮೂರನೆಯ ಚೆಂಡು ಬಂದಾಗ ಶರಣು ಬಗ್ಗಿದ. ಅವನು ಬಗ್ಗುವಷ್ಟರಲ್ಲಿ ಚೆಂಡು ಒಳಗಿತ್ತು.

ಜೀಪಿನಲ್ಲಿ ಊರಿಗೆ ಮರಳುವಾಗ ನಾನು ಅಂಪೈರನ್ನೂ ಮೈದಾನದ ಕಲ್ಲುಗಳನ್ನೂ ಮನಸಾರೆ ಶಪಿಸಿದೆ. ಶರಣು ಮಾತ್ರ ಕೇಳಿದವರಿಗೆಲ್ಲ, “ಕಣ್ಣಾಗ ಬಿಸಲು ಬಿತ್ರಿ, ತಪ್ಪು ನಂದೇ” ಎಂದ. ಮನೆಯಲ್ಲಿ ಹೆಂಡತಿ ಎರಡೇ ಪ್ರಶ್ನೆ ಕೇಳಿದಳು: ಡಬ್ಬಿ ಎಲ್ಲಿ, ಹೋಳಿಗೆ ಯಾವಾಗ ಕೊಟ್ಟಿರಿ? ಡಬ್ಬಿ ಮೈದಾನದಲ್ಲೇ ಉಳಿದಿತ್ತು. ಎರಡನೆಯ ಪ್ರಶ್ನೆ ಬಂದಾಗ ಮತ್ತೆ ಅಂಪೈರನ್ನೇ ಶಪಿಸತೊಡಗಿದೆ.

ಮರುದಿನ ಶರಣುವಿನ ಅಂಗಡಿಗೆ ಹೋಗಿ ಅಪರಾಧ ಒಪ್ಪಿಕೊಂಡೆ. ಹೊಲಿಗೆ ಯಂತ್ರ ನಿಲ್ಲಿಸಿ ಅವನು ನಕ್ಕ. “ಗೊತ್ತದ್ರಿ ಕಾಕಾ. ನಿನ್ನೆ ಮೋಡ ಕವಿದಿತ್ತು, ಬಿಸಲೆಲ್ಲಿಂದ ಬರ್ತದ? ನೀವು ಅಷ್ಟು ಪ್ರೀತಿಲೆ ಕೊಟ್ರಿ, ಒಲ್ಲೆ ಅನ್ನಾಕ ಆಗಲಿಲ್ಲ.” ಅಭಿಮಾನಿಯೆಂದು ಎದೆಯುಬ್ಬಿಸುತ್ತಿದ್ದ ನಾನು ನನ್ನ ಸಂತೋಷದ ಭಾರವನ್ನೆಲ್ಲ ಓಡಬೇಕಾದವರ ಹೊಟ್ಟೆಗೆ ಹೊರಿಸಿದ್ದೆ. ಅವನೋ ನನ್ನ ಮಾನ ಉಳಿಸಲು ಇಲ್ಲದ ಸೂರ್ಯನನ್ನು ಹುಟ್ಟಿಸಿದ್ದ.

ವಾರದ ನಂತರ ಆಳಂದದಿಂದ ಡಬ್ಬಿ ಮರಳಿತು. ಉಳಿದ ಹೋಳಿಗೆಗಳನ್ನು ಅವರು ಗೆದ್ದ ಮೇಲೆ ತಿಂದರಂತೆ. ಖಾಲಿ ಡಬ್ಬಿ ಕಳಿಸಬಾರದೆಂದು ತುಂಬ ಮಾಲ್ಪುರಿ ಇಟ್ಟಿದ್ದರು. ನಾನೂ ಶರಣುವೂ ಅಂಗಡಿಯಲ್ಲೇ ಕೂತು ತಿಂದೆವು. ಸೋಲು ಇಷ್ಟು ಸಿಹಿಯಾಗಿರುತ್ತದೆಂದು ನನಗೆ ತಿಳಿದಿರಲಿಲ್ಲ.

ಡಬ್ಬಿ ಈಗ ಮತ್ತೆ ಅಡುಗೆಮನೆಯಲ್ಲಿದೆ, ಮುಚ್ಚಳ ಈಗಲೂ ಏಳುತ್ತದೆ. ಮುಂದಿನ ವರ್ಷ ಶರಣು ಆಡುವುದಿಲ್ಲ, ನನ್ನ ಪಕ್ಕದಲ್ಲಿ ಕೂರುತ್ತಾನಂತೆ. ಕೊನೆಯ ಸೀಟಿ ಊದುವವರೆಗೂ ಆ ಮುಚ್ಚಳದ ಮೇಲೆ ತನ್ನ ಎರಡೂ ಕೈ ಇಟ್ಟುಕೊಂಡು.