ಬಿಂದೂಮಾಮಾನ ಕೊನೆಯ ದೃಶ್ಯ

ಅತ್ತೆ, ಆ ಶನಿವಾರ ಡಿವಿಡಿ ಕೆಟ್ಟಿರಲಿಲ್ಲ. ಅದನ್ನು ನಿಲ್ಲಿಸಿದವಳು ನಾನು. ಸಿನಿಮಾದ ಮುಂದಿನ ಕಥೆ ಎಂದು ನಿಮಗೆ ಹೇಳಿದ್ದೆಲ್ಲ ನಾನು ಅಲ್ಲೇ ಕೂತು ಹುಟ್ಟಿಸಿದ ಸುಳ್ಳು. ಹನ್ನೆರಡು ವರ್ಷದಿಂದ ಇದನ್ನು ಯಾರಿಗೂ ಹೇಳಿಲ್ಲ. ಗಿರೀಶನಿಗೆ — ನಿಮ್ಮ ಮಗನಿಗೆ — ಅಂತೂ ಹೇಳಲು ಧೈರ್ಯವೇ ಬರಲಿಲ್ಲ.

ಎದುರಿಗೆ ಕೂತು ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಮಾತು ಬೇರೆಲ್ಲಿಗೋ ಹೊರಳುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮೊದಲಿಂದ ಹೇಳದಿದ್ದರೆ ನಿಮ್ಮಿಂದ ನಾನು ಕಿತ್ತುಕೊಂಡದ್ದು ಏನೆಂದು ನನಗೇ ಪೂರ್ತಿ ಕಾಣುವುದಿಲ್ಲ.

ಮಗಳು ಇರಾ ಹುಟ್ಟಿದ ವರ್ಷ ನೀವು ಧಾರವಾಡದಿಂದ ಈ ಪರದೇಶಕ್ಕೆ, ನಮ್ಮ ಸನ್ನಿವೇಲ್‌ಗೆ ಬಂದಿರಿ. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವರು, ಇಲ್ಲಿ ಮಗುವಿನ ಗಾಡಿ ತಳ್ಳಿಕೊಂಡು ದಿನವೂ ಲೈಬ್ರರಿಗೆ ಹೋಗುತ್ತಿದ್ದಿರಿ. ಒಂದು ದಿನ ನಾನೂ ಜೊತೆಗಿದ್ದೆ. ಡಿವಿಡಿ ಜೋಡಿಸಿಟ್ಟ ಕಪಾಟಿನ ಮುಂದೆ ನೀವು ನಿಂತುಬಿಟ್ಟಿರಿ.

"ಸುಮಾ, ಇಲ್ಲೆ ನೋಡು. ನಮ್ಮ ಬಿಂದೂಮಾಮಾ ಇಲ್ಲ್ಯಾಕ ಬಂದಾನ?"

ಡಿವಿಡಿ ಡಬ್ಬಿಯ ಮೇಲೊಂದು ಮುಖ: ತಲೆಗೆ ಹ್ಯಾಟು, ಮುರಿದು ಕೂಡಿಕೊಂಡ ಡೊಂಕು ಮೂಗು, ಅರ್ಧಕ್ಕೇ ನಿಂತ ನಗು. ಅವನು ಫ್ರಾನ್ಸಿನ ದೊಡ್ಡ ನಟ, ಪ್ರಪಂಚಕ್ಕೆಲ್ಲ ಗೊತ್ತಿರುವವನು ಎಂದು ನಾನು ಹೇಳಿದೆ. ಹೆಸರನ್ನೂ ಹೇಳಿಕೊಟ್ಟೆ. ನೀವು ಎರಡು ಸಲ ಪ್ರಯತ್ನಿಸಿ ಕೈಬಿಟ್ಟಿರಿ. ಅಂದಿನಿಂದ ಅವನು ನಮ್ಮ ಮನೆಯಲ್ಲಿ ಎಂದೋ ತೀರಿಕೊಂಡ ನಿಮ್ಮ ಸೋದರಮಾವನ ಹೆಸರಿನಲ್ಲೇ ಉಳಿದ.

ಶನಿವಾರ ಮಧ್ಯಾಹ್ನ, ಇರಾ ಮಲಗಿದ ಮೇಲೆ, ನಮ್ಮ ಸಿನಿಮಾ. ಅವರ ಮಾತು ಫ್ರೆಂಚು, ಕೆಳಗೆ ಇಂಗ್ಲಿಷ್ ಅಕ್ಷರ. ನೀವು ಒಂದು ಸಾಲು ಓದುವಷ್ಟರಲ್ಲಿ ಇನ್ನೊಂದು ಬಂದು ಹೋಗುತ್ತಿತ್ತು. ಹಾಗಾಗಿ ನಾನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ — "ಹೋಗಬೇಡ ಅಂತ ಅವನ ಹೆಂಡತಿ ಹೇಳ್ತಿದಾಳೆ."

"ಅಂತ ಗಿಂತ ಬ್ಯಾಡ. ಅಕಿ ಹೆಂಗ ಅಂದ್ಲೋ ಹಂಗ ಅನ್ನು."

ಆಮೇಲೆ ಎಲ್ಲ ಪಾತ್ರಗಳ ಮಾತೂ ನನ್ನ ಬಾಯಿಂದಲೇ. ಮೈಸೂರಿನ ನನ್ನ ನಾಲಿಗೆ ನಿಮ್ಮ ಜೊತೆ ಕೂತು ಕೂತು ಅರ್ಧ ಧಾರವಾಡಕ್ಕೆ ತಿರುಗಿತು. ಪ್ಯಾರಿಸ್ಸಿನ ಕಳ್ಳ ಒಬ್ಬ ಮುದುಕನ ಕೈಗಡಿಯಾರ ಕಸಿದುಕೊಂಡು "ಕೊಡು" ಅಂದಾಗ ನೀವು ತಿದ್ದಿದಿರಿ: "ಕಳ್ಳ ಆದ್ರೇನಾತು, ಹಿರ್ಯಾರಿಗೆ 'ಕೊಡ್ರೀ' ಅನಬೇಕು." ಬಟ್ಟೆ ಮಡಚುತ್ತಿದ್ದ ಗಿರೀಶ ನಕ್ಕು ನಕ್ಕು ನೆಲದ ಮೇಲೆ ಕೂತುಬಿಟ್ಟಿದ್ದ.

ಬಿಂದೂಮಾಮಾನ ಬದುಕನ್ನು ನಾನು ಪುಸ್ತಕದಲ್ಲಿ ಓದಿ ಓದಿ ನಿಮಗೆ ಹೇಳಿದೆ. ಬಂದರಿನ ಊರಿನಲ್ಲಿ ಕಸಾಯಿಯವನ ಮಗ. ಹದಿನೇಳಕ್ಕೆ ಬಾಕ್ಸಿಂಗಿನಲ್ಲಿ ಮೂಗು ಮುರಿಯಿತು. ಮೊದಲ ಸಿನಿಮಾದಲ್ಲಿ ಒಂದು ಊಟದ ತಾಟು ತಂದು ಮೇಜಿನ ಮೇಲಿಟ್ಟು ಹೋಗುವುದಷ್ಟೇ ಅವನ ಪಾತ್ರ. ಅದನ್ನು ನನ್ನಿಂದ ನಾಲ್ಕು ಸಲ ಹಾಕಿಸಿದಿರಿ.

"ತಾಟು ಇಡೂ ಮುಂದ ಅವನ ಕೈ ನೋಡು. ಅಂವ ಹಸದಾನ. ಯಾರೂ ಹೇಳಿಲ್ಲ, ಆದ್ರೂ ಹಸದಾನ."

ನಾನು ಸಾಂಟಾ ಕ್ಲಾರಾದಲ್ಲಿ ಕಂಪ್ಯೂಟರ್ ಚಿಪ್ ಪರೀಕ್ಷೆ ಮಾಡುವವಳು, ಕಣ್ಣಿಗೆ ಕಾಣದ ದೋಷವನ್ನು ಹುಡುಕುವುದೇ ನನ್ನ ಕೆಲಸ. ಆದರೂ ಅದು ನನಗೆ ಕಂಡಿರಲಿಲ್ಲ. ಸಿನಿಮಾ ನೋಡುವುದನ್ನು ನನಗೆ ಕಲಿಸಿದವರು ನೀವು.

ಆಮೇಲೆ ಹತ್ತು ವರ್ಷ ಸಿನಿಮಾಗಳಲ್ಲಿ ಅವನು ಬರೀ ಕಳ್ಳನಾದ. ಇನ್ಸ್‌ಪೆಕ್ಟರ್ ಆದಾಗ, "ಅನುಭವ ಅದ, ಲಗೂನ ಹಿಡೀತಾನ ತಗೋ" ಅಂದಿರಿ. ನಡುವಯಸ್ಸಿನಲ್ಲಿ ಯಾರ ಜೊತೆಗೋ ಜಗಳವಾಡಿ ಸಿನಿಮಾ ಬಿಟ್ಟು, ಹಳ್ಳಿಯಲ್ಲಿ ಸೇಬು ಬೆಳೆಯುತ್ತ ಕೂತ. ಅರವತ್ತು ದಾಟಿದ ಮೇಲೆ ತಿರುಗಿ ಬಂದ — ಬಂದವನು ಮೊದಲಿಗಿಂತ ಚೆನ್ನಾಗಿ ನಟಿಸಿದ.

ಅವನು ಹಾಗೆ ತಿರುಗಿ ಬಂದದ್ದೇ ನಿಮ್ಮನ್ನು ಹಿಡಿಯಿತು. ಮಗನಿಗೂ ಹೇಳದ್ದನ್ನು ಅಂದು ನನಗೆ ಹೇಳಿದಿರಿ. ಕಾಲೇಜಿನಲ್ಲಿ ಎರಡು ನಾಟಕ ಮಾಡಿದ್ದಿರಿ. ಮದುವೆಯಾದ ಮೇಲೆ ಮಾವನವರ ಮನೆಯಲ್ಲಿ ಬೇಡ ಅಂದರು. ಮುಂದೆ ಮೂವತ್ತು ವರ್ಷ ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಹುಡುಗಿಯರಿಗೆ ಮಾತು ಕಲಿಸಿ, ಪರದೆಯ ಹಿಂದೆ ನಿಂತು ಅವರ ಜೊತೆ ತುಟಿ ಆಡಿಸಿದ್ದಿರಿ.

ಇರಾಗೆ ಎರಡು ತುಂಬಿತು. ಧಾರವಾಡದಿಂದ ನಿಮ್ಮ ಗೆಳತಿ ಇಂದಿರಾಬಾಯಿ ಫೋನ್ ಮಾಡಿದರು. ಅವರ ಮಹಿಳಾ ಮಂಡಳಿ ನಾಟಕ ಆಡಲಿದೆ, ಮುಖ್ಯ ಪಾತ್ರವೇ ಅಜ್ಜಿಯದು, ನಿಮಗಾಗಿ ಇಟ್ಟಿದ್ದಾರೆ. ನೀವು ಇರಾಳನ್ನು ಎತ್ತಿಕೊಂಡು ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದಿರಿ. "ಬಿಂದೂಮಾಮಾ ಅರವತ್ತೆರಡಕ್ಕ ಸುರು ಮಾಡ್ಯಾನ. ನನಗಿನ್ನೂ ಅರವತ್ತೊಂದು."

ನಾನೂ ಚಪ್ಪಾಳೆ ತಟ್ಟಿದೆ. ಒಳಗೆ ಮಾತ್ರ ಬೇರೆ ಲೆಕ್ಕ ನಡೆದಿತ್ತು. ಡೇಕೇರಿನಲ್ಲಿ ಜಾಗಕ್ಕೆ ಇನ್ನೂ ಎಂಟು ತಿಂಗಳು ಕಾಯಬೇಕಿತ್ತು. ಆಫೀಸಿನಲ್ಲಿ ನನಗೆ ಆಗಷ್ಟೇ ಒಂದು ಟೀಮಿನ ಜವಾಬ್ದಾರಿ ಕೊಟ್ಟಿದ್ದರು. "ಅತ್ತೆ, ನೀವು ಹೋದರೆ ನನಗೆ ಕಷ್ಟ, ಇನ್ನಷ್ಟು ದಿನ ಇರಿ" ಅಂತ ಬಾಯಿಬಿಟ್ಟು ಕೇಳಬಹುದಿತ್ತು. ನೀವು ಇರುತ್ತಿದ್ದಿರೋ, ಹೋಗುತ್ತಿದ್ದಿರೋ — ಅದು ನಿಮ್ಮ ತೀರ್ಮಾನವಾಗುತ್ತಿತ್ತು. ನಾನು ಕೇಳಲಿಲ್ಲ. ಕೇಳಿದರೆ ನೀವು ಇಲ್ಲ ಅನ್ನಬಹುದು, ಅಥವಾ ಮುಖ ಬಾಡಿಸಿಕೊಂಡು ಹೂಂ ಅನ್ನಬಹುದು. ಎರಡನ್ನೂ ನೋಡುವ ಎದೆ ನನಗಿರಲಿಲ್ಲ.

ಆ ವಾರದ ಸಿನಿಮಾದಲ್ಲಿ ಅವನದು ಮುದಿ ರಂಗನಟನ ಪಾತ್ರ. ಮೂವತ್ತು ವರ್ಷದ ಮೇಲೆ ಹುಟ್ಟೂರಿನ ರಂಗ ಹತ್ತುತ್ತಾನೆ. ನಾಟಕದ ಮಧ್ಯದಲ್ಲಿ ಮಾತು ಮರೆತುಹೋಗುತ್ತದೆ. ಬಾಯಿ ತೆರೆದು ನಿಂತಿದ್ದಾನೆ, ಸಭೆ ನಿಶ್ಶಬ್ದ. ನೀವು ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಿರಿ. ನಿಮಗೆ ಸರಿಯಾಗಿ ಹೇಳಬೇಕೆಂದು ಎಲ್ಲ ಸಿನಿಮಾಗಳನ್ನೂ ನಾನು ಮೊದಲೇ ನೋಡಿರುತ್ತಿದ್ದೆ. ಮುಂದೇನಾಗುತ್ತದೆ ಎಂದು ಗೊತ್ತಿತ್ತು. ಅವನು ತನಗೆ ತಾನೇ ನಗುತ್ತಾನೆ. "ಮರೆತೆ, ಮತ್ತೆ ಮೊದಲಿಂದ ಮಾಡುತ್ತೇನೆ" ಎನ್ನುತ್ತಾನೆ. ಮಾಡುತ್ತಾನೆ. ಸಭೆ ಎದ್ದು ನಿಲ್ಲುತ್ತದೆ.

ಗೊತ್ತಿದ್ದೂ ರಿಮೋಟು ಒತ್ತಿದೆ. ತೆರೆದ ಬಾಯಿ ಹಾಗೆಯೇ ಪರದೆಯ ಮೇಲೆ ನಿಂತಿತು.

"ಡಿವಿಡಿ ಕೆಟ್ಟಿದೆ ಅತ್ತೆ."

"ಮುಂದ ಏನಾತು? ನೀ ನೋಡಿಯಲ್ಲ?"

"ಜನ ನಕ್ಕುಬಿಟ್ಟರು. ಅವನು ಇಳಿದು ಹೊರಟುಹೋದ. ಮತ್ತೆ ಯಾವತ್ತೂ ರಂಗ ಹತ್ತಲಿಲ್ಲ."

ನೀವು ಹಿಡಿದಿದ್ದ ನನ್ನ ಕೈ ಬಿಟ್ಟಿರಿ. "ಖರೇನ ಅದ," ಅಂದಿರಿ. "ವಯಸ್ಸಾದ ಮ್ಯಾಲೆ ಮಾತು ನೆನಪ ಉಳಿಯೂದಿಲ್ಲ."

ಸೋಮವಾರ ಇಂದಿರಾಬಾಯಿಗೆ ಫೋನ್ ಮಾಡಿ, "ಬ್ಯಾರೆಯವರಿಗೆ ಕೊಡು" ಅಂದಿರಿ. ನಾನು ಪಕ್ಕದ ಕೋಣೆಯಲ್ಲಿ ಇರಾಳ ಅಂಗಿಗಳನ್ನು ಮಡಚುತ್ತಿದ್ದೆ. ಕೈ ನಿಲ್ಲಲಿಲ್ಲ. ಇದನ್ನೂ ಬರೆಯಲೇಬೇಕು — ಆ ಕ್ಷಣ ನನಗೆ ಹಾಯೆನಿಸಿತು.

ನೀವು ಮುಂದೆ ಹದಿನಾಲ್ಕು ತಿಂಗಳು ಇದ್ದಿರಿ. ಬಿಂದೂಮಾಮಾನ ಸಿನಿಮಾ ಮಾತ್ರ ಸಾಕು ಅಂದಿರಿ. ನಾಟಕದ ಫೋಟೋ ಬಂದಾಗ, ನಿಮ್ಮ ಪಾತ್ರದಲ್ಲಿ ನಿಂತ ಹೆಂಗಸನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿ, "ಕೋಲು ಎಡಗೈಯಾಗ ಹಿಡೀಬೇಕಿತ್ತು" ಅಂದಿರಿ. ಅಷ್ಟೇ.

ಈಗ ಈ ಸಲದ ವಿಷಯಕ್ಕೆ ಬರುತ್ತೇನೆ. ನೀವು ಈ ಸಲ ಬಂದು ಇನ್ನೂ ತಿಂಗಳಾಗಿರಲಿಲ್ಲ, ಆ ನಟ ತೀರಿಕೊಂಡ ಸುದ್ದಿ ಬಂತು. "ಬಿಂದೂಮಾಮಾ ಎರಡನೇ ಸಲ ಹೋದ" ಎಂದು ನೀವು ತಲೆಯ ಮೇಲೆ ನೀರು ಹಾಕಿಕೊಂಡಿರಿ. ಇರಾಗೆ ಈಗ ಹದಿನಾಲ್ಕು, ಶಾಲೆಯಲ್ಲಿ ಫ್ರೆಂಚ್ ಕಲಿಯುತ್ತಾಳೆ. ಅಜ್ಜಿಗೆಂದು ಅವನ ಸಿನಿಮಾ ಹುಡುಕಿ ಹಾಕಿದ್ದಾಳೆ — ಅಷ್ಟು ಸಿನಿಮಾಗಳಲ್ಲಿ ಅದೇ ಒಂದನ್ನು. ನಾನು ಆಫೀಸಿನಿಂದ ಬಂದು ಬಾಗಿಲು ತೆರೆದಾಗ ಟೀವಿಯಲ್ಲಿ ಅವನು ಬಾಯಿ ತೆರೆದು ನಿಂತಿದ್ದ.

"ಅಜ್ಜಿ, ವೇಟ್, ಈಗ ನೋಡು. 'ನಾನು ಮರ್ತೋದೆ. ಮತ್ತೆ ಫಸ್ಟಿಂದ ಸ್ಟಾರ್ಟ್ ಮಾಡ್ತೀನಿ.' ಹಾಗೆ ಹೇಳ್ತಿದಾನೆ."

ಟೀವಿಯಲ್ಲಿ ಚಪ್ಪಾಳೆ. ನಾನು ಶೂ ಬಿಚ್ಚದೆ ನಿಂತಿದ್ದೆ.

"ಅಮ್ಮಾ, ಹಿ ಡಿಡಂಟ್ ಕ್ವಿಟ್. ಅವನು ಬಿಟ್ಟುಹೋದ ಅಂದಿದ್ಯಂತೆ, ಅಜ್ಜಿಗೆ ಯಾಕೆ ಹಾಗೆ ಹೇಳಿದೆ?"

ನೀವು ನನ್ನ ಕಡೆ ನೋಡಿದಿರಿ. ಎಷ್ಟು ಹೊತ್ತು ನೋಡಿದಿರೋ — ಆಮೇಲೆ ಮೊಮ್ಮಗಳ ಕಡೆ ತಿರುಗಿದಿರಿ.

"ಅವಾಗ ಡಿವಿಡಿ ಕೆಟ್ಟಿತ್ತು, ಕೂಸ. ನಿಮ್ಮವ್ವರೆ ಏನ ಮಾಡಬೇಕು ಪಾಪ. ಇನ್ನೊಮ್ಮೆ ಹಚ್ಚು."

ಮೂರು ಸಲ ಹಚ್ಚಿಸಿದಿರಿ. ಮೂರನೆಯ ಸಲ ಎದ್ದು ನಿಂತು ಅವನ ಜೊತೆಗೇ ಮಾಡಿದಿರಿ — ಮರೆತು ನಿಂತದ್ದು, ನಕ್ಕದ್ದು, ಮತ್ತೆ ಶುರುಮಾಡಿದ್ದು. ಇರಾ ಸೋಫಾದ ಮೇಲೆ ಹತ್ತಿ ಕೇಕೆ ಹಾಕಿದಳು.

ಮರುವಾರ ನೀವೇ ಕನ್ನಡ ಸಂಘದವರಿಗೆ ಫೋನ್ ಮಾಡಿದಿರಿ. ಯುಗಾದಿಯ ನಾಟಕದಲ್ಲಿ ಅಜ್ಜಿಯ ಪಾತ್ರವಿದೆಯೇ ಎಂದು ಕೇಳಿದಿರಿ. ಇಲ್ಲ ಆಂಟಿ, ಅಂದರು. "ಹಂಗಾರ ನಾನ ಬರದ ತರ್ತೀನಿ," ಅಂದಿರಿ. ಬರೆದೇಬಿಟ್ಟಿರಿ! ಇಂಗ್ಲಿಷ್ ಬಾರದ ಅಜ್ಜಿಯೊಬ್ಬಳು ತಪ್ಪು ಬಸ್ಸು ಹತ್ತಿ, ಇಳಿಯುವಷ್ಟರಲ್ಲಿ ಬಸ್ಸಿನವರಿಗೆಲ್ಲ ಕನ್ನಡ ಕಲಿಸುವ ನಾಟಕ. ತಾಲೀಮು ನಮ್ಮ ಗ್ಯಾರೇಜಿನಲ್ಲಿ, ಅಕ್ಕಿ ಮೂಟೆ ಮತ್ತು ಸೈಕಲ್ಲುಗಳ ನಡುವೆ. ದೊಡ್ಡ ದೊಡ್ಡ ಎಂಜಿನಿಯರುಗಳು ಹಾಳೆ ಹಿಡಿದು ನಡುಗುತ್ತಿದ್ದರು.

"ಆಫೀಸ್ ಮೀಟಿಂಗಿನ್ಯಾಗೂ ಹಿಂಗ ಗ್ವಾಡಿಗೆ ಮಾತಾಡ್ತೀರೇನು? ಮಂದೀ ಕಡೆ ನೋಡ್ರೀ."

ಯುಗಾದಿಯ ದಿನ ನೀವು ರಂಗಕ್ಕೆ ಬಂದಿರಿ. ಬಾಯಿ ತೆರೆಯುವ ಮೊದಲೇ, ಚೀಲದಲ್ಲಿ ಬಸ್ ಪಾಸ್ ಹುಡುಕುವುದನ್ನು ನೋಡಿಯೇ, ಸಭೆ ನಗಲು ಶುರುಮಾಡಿತು. ಕೊನೆಗೆ ಎಲ್ಲರೂ ಎದ್ದು ನಿಂತರು. ಮೂರನೆಯ ಸಾಲಿನಲ್ಲಿ ನಾನೂ ನಿಂತೆ. ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ಹಾಗೆ ನಿಂತಿರುವಾಗಲೇ ತಿಳಿಯಿತು — ನಾನು ನೋಡುತ್ತಿರುವುದು ಎಪ್ಪತ್ತಮೂರರ ನಿಮ್ಮನ್ನು. ಅರವತ್ತೊಂದರ ನೀವು, ನಿಮ್ಮ ಊರಿನ ರಂಗದ ಮೇಲೆ, ನಿಮ್ಮ ಶಾಲೆಯ ಹುಡುಗಿಯರೆದುರು — ಆ ನಿಮ್ಮನ್ನು ಯಾರೂ ನೋಡಲಿಲ್ಲ. ಇನ್ನು ಯಾರೂ ನೋಡುವಂತಿಲ್ಲ.

ಮನೆಗೆ ಬರುವಾಗ ಬಣ್ಣ ತೊಳೆಯದ ಮುಖದಲ್ಲೇ ಕಾರಿನ ಹಿಂದಿನ ಸೀಟಿನಲ್ಲಿ ಪುಳಿಯೋಗರೆ ತಿನ್ನುತ್ತ, "ಇನ್ನೊಂದು ನಾಟಕ ತಲ್ಯಾಗ ಅದ" ಅಂದಿರಿ. ಆ ಡಿವಿಡಿಯ ಮಾತು ಎತ್ತಲಿಲ್ಲ. ನಿಮಗೆ ಗೊತ್ತಿದೆಯೇ? ಎಂದಿನಿಂದ ಗೊತ್ತಿದೆ? ನಾನು ಕೇಳಿಲ್ಲ. ಗೊತ್ತಿದ್ದೂ ಸುಮ್ಮನಿದ್ದೀರಿ ಎಂದಾದರೆ, ಅದು ನಿಮ್ಮ ದೊಡ್ಡತನ. ಅದರ ಮರೆಯಲ್ಲಿ ನಾನು ಇನ್ನೂ ನಿಂತಿರುವುದು ಸರಿಯಲ್ಲ.

ಕ್ಷಮೆ ಕೇಳುತ್ತಿಲ್ಲ. ಕೊಡುವುದು ಬಿಡುವುದು ನಿಮಗೆ ಬಿಟ್ಟದ್ದು, ಅವಸರವೇನಿಲ್ಲ. ಇರಾಗೆ ನಿಜವನ್ನು ನಾನೇ ಹೇಳುತ್ತೇನೆ. ಅವಳ ಮುಂದೆ ನೀವು ನನ್ನ ಮಾನ ಕಾಯಬೇಕಾಗಿಲ್ಲ.

ಈಗ ಕೆಳಗೆ ಗ್ಯಾರೇಜಿನಲ್ಲಿ ನೀವು ಇಲ್ಲೇ ಹತ್ತಿರದ ಊರು ಡಬ್ಲಿನ್‌ನಲ್ಲಿ ಆಡುವ ಹೊಸ ನಾಟಕಕ್ಕೆ ಸಂಘದವರನ್ನೆಲ್ಲ ತಿದ್ದುತ್ತಿದ್ದೀರಿ. ಯಾರೋ ಮಾತು ತಪ್ಪಿರಬೇಕು, ಎಲ್ಲರೂ ಜೋರಾಗಿ ನಗುತ್ತಿದ್ದಾರೆ. ನಿಮ್ಮ ನಗು ಎಲ್ಲರಿಗಿಂತ ಮೇಲೆ ಕೇಳುತ್ತಿದೆ. ತಾಲೀಮು ಮುಗಿಯಲಿ. ಈ ಹಾಳೆಗಳನ್ನು ತೆಗೆದುಕೊಂಡು ಇಳಿದು ಬರುತ್ತೇನೆ, ನೀವು ಓದಿ ಮುಗಿಸುವವರೆಗೂ ಅಲ್ಲೇ ನಿಂತಿರುತ್ತೇನೆ.