ಕೊರಳಲ್ಲಿರದ ಅರಿಶಿನದ ಕೊಂಬು

ಹಾರೋಹಳ್ಳಿಯ ನಮ್ಮ ಕಾರ್ಖಾನೆಯಲ್ಲಿ ಫಿರಂಗಿ ಗುಂಡಿನ ಮೂತಿಗೆ ಕೂರಿಸುವ ಫ್ಯೂಸ್ ಜೋಡಿಸುತ್ತೇವೆ. ಗುಂಡು ಎಲ್ಲಿ ಸಿಡಿಯಬೇಕು, ಎಲ್ಲಿ ಸಿಡಿಯಬಾರದು ಎಂದು ತೀರ್ಮಾನಿಸುವ ಸಾಮಾನು ಅದು. ಮದ್ದು ತುಂಬುವುದು ಬೇರೆ ಕಡೆ. ನಮ್ಮ ಪಾಲಿಗೆ ಬರುವುದು ಹಲ್ಲುಚಕ್ರ, ಸ್ಪ್ರಿಂಗು, ಚಿಮಟ. ನಮ್ಮೂರು ಮರಳವಾಡಿಯವರಿಗೆ ಮಾತ್ರ ನಾನು ಬಾಂಬ್ ಮಾಡುವವಳು. ಮೊದಮೊದಲು ರೇಗುತ್ತಿದ್ದೆ. ಬಸ್ಸಿನಲ್ಲಿ ಜನ ತಾವಾಗಿ ಸರಿದು ಜಾಗ ಕೊಡುತ್ತಾರೆಂದು ಗೊತ್ತಾದ ಮೇಲೆ ಸುಮ್ಮನಾದೆ.

ಜೋಡಣೆಯ ಕೋಣೆಗೆ ಒಡವೆ ಹಾಕಿಕೊಂಡು ಹೋಗುವಂತಿಲ್ಲ. ಬಳೆ, ಓಲೆ, ಕಾಲುಂಗುರ, ತಾಳಿ, ಯಾವುದೂ. ಒಂದು ಚೂರು ಲೋಹ ಒಳಗೆ ಬಿದ್ದರೂ ಚಕ್ರ ಸಿಕ್ಕಿಕೊಳ್ಳುತ್ತದೆ. ಸೊಸೆ ಬರಿಗೊರಳಲ್ಲಿ ಹೊರಡುವುದನ್ನು ನೋಡಿ ನಮ್ಮತ್ತೆ ಮೊದಲ ದಿನ ಕಣ್ಣೀರಿಟ್ಟರು. ಮಾರನೆಯ ದಿನ ಅವರೇ ದಾರಿ ಹುಡುಕಿದರು: ಹಳದಿ ದಾರಕ್ಕೆ ಅರಿಶಿನದ ಕೊಂಬು. ಲೋಹವಲ್ಲವಲ್ಲ ಎಂದು ಗೇಟಿನಲ್ಲಿ ತಪಾಸಣೆ ಮಾಡುವ ಹೆಂಗಸೂ ಬಿಟ್ಟಳು. ಕೆಲಸದ ಕೋಟಿನೊಳಗೆ ಚುಚ್ಚದಿರಲೆಂದು ನಾನು ಕಡಲೆಕಾಳಿನಷ್ಟು ಚೂರು ಮಾಡಿ ಕಟ್ಟಿಕೊಳ್ಳುತ್ತಿದ್ದೆ. ಪ್ರತಿ ಶುಕ್ರವಾರ ಹಳೆಯದನ್ನು ಬಿಚ್ಚಿ ತುಳಸಿ ಬುಡಕ್ಕೆ ಹಾಕಿ, ದೇವರ ಮುಂದಿಟ್ಟ ಹೊಸದನ್ನು ಕಟ್ಟಿಕೊಳ್ಳಬೇಕು. ಅದು ಅತ್ತೆಯ ಕಟ್ಟಪ್ಪಣೆ.

ಆ ವಾರ ಗಡಿಯಲ್ಲಿ ಗುಂಡಿನ ಕಾಳಗ ಶುರುವಾಗಿತ್ತು. ಕಾರ್ಖಾನೆಯಲ್ಲಿ ಕೆಲಸ ದುಪ್ಪಟ್ಟಾಗಿ, ಕ್ಯಾಂಟೀನಿನಲ್ಲಿ ನಿಂತುಕೊಂಡೇ ಉಣ್ಣುತ್ತಿದ್ದೆವು. ನನ್ನ ತಮ್ಮ ಅಲ್ಲೇ, ಫಿರಂಗಿ ದಳದಲ್ಲಿದ್ದ. ಅವನ ಫೋನ್ ಬಂದು ನಾಲ್ಕು ದಿನವಾಗಿತ್ತು. ಯಾರಾದರೂ ಅವನ ಸುದ್ದಿ ಕೇಳಿದರೆ ನಾನು ಕಚ್ಚುವಂತೆ ಉತ್ತರ ಕೊಡುತ್ತಿದ್ದೆ.

ಶುಕ್ರವಾರ ಮಧ್ಯಾಹ್ನ ಕೈ ತೊಳೆಯುವಾಗ ಅಭ್ಯಾಸದಂತೆ ಕೊರಳು ಮುಟ್ಟಿಕೊಂಡೆ. ದಾರವಿತ್ತು, ಕೊಂಬಿರಲಿಲ್ಲ. ಬೆಳಗಿನಿಂದ ನಾನು ಜೋಡಿಸಿದ್ದೆಲ್ಲ ಸೀಲಾಗಿ ಪೆಟ್ಟಿಗೆ ಸೇರಿತ್ತು. ಪೆಟ್ಟಿಗೆಗಳು ಬಾಗಿಲಲ್ಲಿ ನಿಂತ ಲಾರಿಗೆ ಏರುತ್ತಿದ್ದವು. ಪರೀಕ್ಷೆಯ ಯಂತ್ರ ಲೋಹವಾದರೆ ಹಿಡಿಯುತ್ತದೆ, ಅರಿಶಿನ ಅದರ ಕಣ್ಣಿಗೆ ಬೀಳದು.

ನೆಲವೆಲ್ಲ ತಡಕಾಡಿದೆ. ಪಕ್ಕದಲ್ಲಿ ಕೂರುವ ಕನಕಪುರದ ಗೆಳತಿಗೆ ಹೇಳಿದರೆ ಅವಳು ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. "ಸುಮ್ಕಿರು ಮಾರಾಯ್ತಿ, ಎಲ್ಲೋ ಬಿದ್ದೋಗಿರ್ತೈತೆ. ಯೋಳ್ಬುಟ್ರೆ ನಾಳಿಂದ ನಿನ್ ಕೆಲ್ಸ ಇರಲ್ಲ."

ನನಗೂ ಹಾಗೇ ಅನ್ನಿಸಿತು, ಸುಳ್ಳೇಕೆ ಹೇಳಲಿ. ನನ್ನ ಜಾಗದಲ್ಲಿ ಕೂತು ಇನ್ನೊಂದು ಫ್ಯೂಸ್ ಜೋಡಿಸಿದೆ. ಮತ್ತೊಂದನ್ನು ಕೈಗೆತ್ತಿಕೊಂಡಾಗ, ಇದು ತಮ್ಮನ ಕೈಗೇ ಹೋದರೆ ಎಂಬ ಯೋಚನೆ ಬಂತು. ಅದನ್ನು ಮೇಜಿನ ಮೇಲಿಟ್ಟೆ. ಎದ್ದು ಸೂಪರ್‌ವೈಸರ್ ಹತ್ತಿರ ಹೋದೆ. ಚನ್ನಪಟ್ಟಣದವರು, ಸಿಟ್ಟಿನಲ್ಲಿ ನನಗೆ ಅಣ್ಣನಾಗಬೇಕು.

"ಅರಿಶ್ನಾನಾ? ಲಾರಿ ಹೊರ್ಡೋ ಟೈಮಲ್ಲಿ ಬಂದು ಅರಿಶ್ನ ಅಂತೀಯಲ್ಲಮ್ಮ!" ಎಂದು ಕೂಗಾಡಿದರು. ಆದರೆ ಕೂಗಾಡುತ್ತಲೇ ಬಾಗಿಲಿಗೆ ಓಡಿದರು. "ಲೋಡ್ ನಿಲ್ಸ್ರೋ! ಎಲ್ಲಾ ಇಳ್ಸಿ!"

ಪೆಟ್ಟಿಗೆಗಳು ವಾಪಸ್ ಬಂದವು. ಒಂದೊಂದೇ ಸೀಲು ಒಡೆದು ಒಳಗೆ ದೀಪ ಹಿಡಿದು ನೋಡತೊಡಗಿದರು. ಯಾರೂ ನನ್ನ ಮುಖ ನೋಡಲಿಲ್ಲ. ಅರ್ಧ ಮುಗಿದರೂ ಏನೂ ಸಿಗಲಿಲ್ಲ. ಆಗ ಗೇಟಿನ ಹೆಂಗಸು ಒಳಗೆ ಬಂದು, "ಬೆಳಿಗ್ಗೆ ನಾನು ನೋಡ್ದಾಗ್ಲೂ ಬರೀ ದಾರ ಇದ್ದಂಗಿತ್ತು ಕಣವ್ವ. ಮನೆಗೊಂದ್ಸಲ ಕೇಳು," ಅಂದಳು. ನಮ್ಮ ಮೊಬೈಲುಗಳೆಲ್ಲ ಗೇಟಿನಲ್ಲೇ ಇರುತ್ತವೆ. ಸೂಪರ್‌ವೈಸರ್ ಆಫೀಸಿನಿಂದ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು.

ಅತ್ತೆ ರೇಷ್ಮೆಹುಳುಗಳಿಗೆ ಸೊಪ್ಪು ಹಾಕುತ್ತಿದ್ದವರು ಓಡಿಬಂದು ಎತ್ತಿದರು. "ಕೊಂಬಾ? ದ್ಯಾವ್ರ ಮುಂದೆ ತಟ್ಟೇಲೇ ಐತಲ್ಲವ್ವ! ಹಳೇದ್ನ ಬಿಚ್ಚಾಕ್ಬುಟ್ಟು, ಬಸ್ಸು ಹಾರನ್ ಹೊಡೀತು ಅಂತ ಬರೀ ದಾರ್ದಲ್ಲೇ ಓಡೋದೆ. ನಿನ್ ಫೋನ್‌ಗೆ ಎಷ್ಟು ಸಲ ಮಾಡೋದು? ನೀನು ಮನೆಗ್ ಬರೋಗಂಟ ತೊಟ್ಟು ನೀರೂ ಕುಡಿಯಲ್ಲ ಅಂತ ಕುಂತಿವ್ನಿ ನಾನು!"

ನಾನು ನೆಲಕ್ಕೆ ಕುಸಿದು ಕೂತು ನಕ್ಕೆ. ನಗುತ್ತಲೇ ಅಳು ಬಂತು. ಅಷ್ಟು ಹಗುರವಾಗಿ ನಾನು ಎಂದೂ ಅತ್ತಿರಲಿಲ್ಲ. ಸೂಪರ್‌ವೈಸರ್ ಕನ್ನಡಕ ತೆಗೆದು ಒರೆಸಿಕೊಂಡು, "ಮೊದ್ಲು ನೀರು ಕುಡೀರಮ್ಮ ನೀವು," ಎಂದು ಫೋನಿಗೆ ಹೇಳಿದರು. ಎಲ್ಲರೂ ಸೇರಿ ಮತ್ತೆ ಸೀಲು ಹಾಕಿದೆವು. ಹೊತ್ತು ಮುಳುಗುವ ಮುಂಚೆ ಲಾರಿ ಹೊರಟಿತು. ನನ್ನ ಕೆಲಸ ಉಳಿಯಿತು. ಕೊಂಬಿಗೆ ಮಾತ್ರ ಒಳಗೆ ಪ್ರವೇಶ ನಿಂತಿತು. ಅಂದಿನಿಂದ ಬರೀ ದಾರ. ಅತ್ತೆ ಅದನ್ನೇ ಎರಡು ಸಲ ಅರಿಶಿನದಲ್ಲಿ ಅದ್ದಿ ಕೊಡುತ್ತಾರೆ.

ಕೆಲವೇ ದಿನಗಳಲ್ಲಿ ಗುಂಡಿನ ಸದ್ದು ನಿಂತಿತು, ತಮ್ಮನ ಫೋನೂ ಬಂತು. ರಜೆಗೆ ಬಂದವನಿಗೆ ಮುದ್ದೆ ಬಡಿಸುತ್ತಾ ಈ ಕಥೆಯನ್ನು ನನ್ನದೇ ಗೇಲಿ ಮಾಡಿಕೊಂಡು ಹೇಳಿದೆ. ಅತ್ತೆ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡರು. ತಮ್ಮ ನಗಲಿಲ್ಲ. ಮುರಿದ ತುತ್ತು ಕೈಯಲ್ಲೇ ಇತ್ತು.

"ಅಲ್ಲಿ ಪೆಟ್ಗೆ ಬಿಚ್ದಾಗ ಒಳೀಕೆ ನೋಡಾಕೆ ಟೈಮಿರಲ್ಲ ಕಣಕ್ಕ. ಯಾರೋ ನೋಡಿರ್ತಾರೆ ಅನ್ಕೊಂಡು ಹಾಕ್ತೀವಿ," ಅಂದ.

ನಾನು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟೆ.