ಸೀತವ್ವ ಫ್ರಾಕಿನ ಅಂಚು ಬಿಟ್ಟದ್ದು

ಮುಗಳಖೋಡದಲ್ಲಿ ಸೀತವ್ವ ಹೊಲಿದ ಜಂಪರು ಆಲ್ಟರಿಗೆಂದು ವಾಪಸು ಬಂದದ್ದೇ ಇಲ್ಲ. ಇದರ ಗುಟ್ಟು ಅವಳ ಕತ್ತರಿಯಲ್ಲಿ ಇರಲಿಲ್ಲ, ಬಾಯಲ್ಲಿತ್ತು. ಅಂದರೆ ಅದನ್ನು ಮುಚ್ಚಿಕೊಂಡಿರುವುದರಲ್ಲಿತ್ತು. ಯಾರದಾದರೂ ಒಂದು ಹೆಗಲು ಇಳಿದಿದ್ದರೆ ಹೇಳುತ್ತಿರಲಿಲ್ಲ. ಆ ಕಡೆ ಒಳಗೊಂದು ಪದರ ಇಟ್ಟು ಹೊಲಿದುಬಿಡುತ್ತಿದ್ದಳು. ಹೊಟ್ಟೆ ಮುಂದೆ ಬಂದಿದ್ದರೆ ಟೇಪನ್ನು ಬೇಗ ಸುತ್ತಿ ಬೇಗ ಬಿಚ್ಚುತ್ತಿದ್ದಳು. "ಗಿರಾಕಿ ಮೈ ಹೆಂಗೈತಿ ಅನ್ನೂದು ಗಿರಾಕಿಗೆ ಗೊತ್ತಾಗಬಾರದು" ಎಂಬುದು ಅವಳ ವ್ಯಾಪಾರಧರ್ಮ. ಊರಿನ ಅರ್ಧ ಹೆಂಗಸರ ಮಾನ ಅವಳ ಸೂಜಿಯ ತುದಿಯಲ್ಲಿತ್ತು. ಉಳಿದರ್ಧ ಹೆಂಗಸರು ನೈಟಿ ಹಾಕುತ್ತಿದ್ದರು.

ಮೊಮ್ಮಗಳು ಸಮೃದ್ಧಿಗೆ ಆರು ವರ್ಷ. ಸಮೃದ್ಧಿ ಹೆಸರಿನಲ್ಲಷ್ಟೇ, ಕೈಕಾಲು ನೋಡಿದರೆ ಬರಗಾಲ. ಎರಡು ವರ್ಷದ ಹಿಂದಿನಿಂದಲೇ ಅವಳಿಗೆ ಹೊಲಿದ ಫ್ರಾಕು ಯಾಕೋ ಒಂದೇ ಕಡೆ ಇಳಿಬೀಳುತ್ತಿತ್ತು. ಸೀತವ್ವ ರೂಢಿಯಂತೆ ತುಟಿ ಬಿಚ್ಚದೆ ಆ ಕಡೆಯ ಅಂಚನ್ನು ಒಂದು ಬೆರಳು ಮೇಲೆ ಮಡಚಿದಳು, ಹೆಗಲಿಗೆ ಚೂರು ಹತ್ತಿ ತುಂಬಿದಳು. ಮರುವರ್ಷ ಇನ್ನೊಂದಿಷ್ಟು ಮಡಚಿದಳು. ಹುಡುಗಿ ನೆಟ್ಟಗೆ ಕಂಡಳು. ಸದಾ ಕುಣಿಯುವ ಕೂಸಿನ ಅರಿವಿ ಜಗ್ಗದೇ ಇರುತ್ತದೆಯೇ ಎಂದು ಅಜ್ಜಿ ಸುಮ್ಮನಾದಳು.

ಈ ಸಲ ಶಾಲೆಯವರು ರೆಡಿಮೇಡ್ ಯೂನಿಫಾರ್ಮ್ ಕೊಟ್ಟರು. ಸೀತವ್ವನಿಗೆ ಸವತಿ ಬಂದಂತಾಯಿತು. ಅದನ್ನು ತೊಟ್ಟ ಹುಡುಗಿ ಒಂದು ಕಡೆಗೆ ಜಾರಿದಂತೆ ಕಂಡಾಗ, "ನೋಡ್ರಿ, ಫ್ಯಾಕ್ಟರಿ ಮಾಲ. ಅಂಚಿಗೆ ನೆಟ್ಟಗ ಹೋಗಾಕ ಬರೂದಿಲ್ಲ" ಎಂದು ಹಿಗ್ಗಿದಳು. ಆ ಹಿಗ್ಗು ಬಾಳಲಿಲ್ಲ. ಶಾಲೆಯ ಟೀಚರು ಅಕ್ಕುತಾಯಿ ಅಂಗಡಿಗೇ ಬಂದರು.

"ಸೀತಕ್ಕ, ವರ್ಗದಾಗಿನ ಎಲ್ಲಾ ಹುಡುಗ್ಯಾರಿಗೂ ಅದೇ ಯೂನಿಫಾರ್ಮ್. ಎಲ್ಲಾರಿಗೂ ನೆಟ್ಟಗ ಐತಿ. ಸೊಟ್ಟ ಇರೂದು ಅರಿವಿ ಅಲ್ರಿ."

ಮಿರಜಿನ ದವಾಖಾನೆಯಲ್ಲಿ ತೆಗೆದ ಎಕ್ಸ್‌ರೇಯಲ್ಲಿ ಸಮೃದ್ಧಿಯ ಬೆನ್ನೆಲುಬು ದಿಗ್ಗೇವಾಡಿಯ ಹತ್ತಿರದ ಕೃಷ್ಣಾ ಹೊಳೆಯ ಹಾಗೆ ಆರಾಮಾಗಿ ತಿರುವು ತೆಗೆದುಕೊಂಡಿತ್ತು. ಬೆಲ್ಟು ಹಾಕಿ ತಡೆಯುವ ಹಂತ ದಾಟಿದೆ, ಆಪರೇಷನ್ ಮಾಡಿ ಬೆನ್ನಿಗೆ ಲೋಹದ ಸರಳು ಕೂರಿಸಬೇಕು, ಬಿಟ್ಟರೆ ಬೆಳೆಯುತ್ತ ಹೋದಂತೆ ಶ್ವಾಸಕೋಶಕ್ಕೆ ಜಾಗ ಸಾಲದು ಎಂದರು ಡಾಕ್ಟರು. ಆಪರೇಷನ್ನಿನ ಅಪಾಯಗಳನ್ನೂ ಮುಚ್ಚಿಡದೆ ಹೇಳಿದರು. "ಮನ್ಯಾಗ ಮಾತಾಡಿಕೊಂಡು ಬರ್ರಿ."

ಆ ಮನೆಯಲ್ಲಿ ಮಾತಾಡಿಕೊಳ್ಳುವುದು ಎಂದರೆ ಎಲ್ಲರೂ ಸೀತವ್ವನ ಮುಖ ನೋಡುವುದು. ಮಗ ವಿಶ್ವಾಸ ಸಕ್ಕರೆ ಕಾರ್ಖಾನೆಯ ನೌಕರ. ಅವನ ವಿಶ್ವಾಸವೆಲ್ಲ ಅವ್ವನ ಮೇಲೆ.

"ನೀ ಏನಂತಿ ಬೇ?" ಎಂದ.

"ಬ್ಯಾಡ. ಎಳೇ ಮೈಗೆ ಕತ್ತರಿ ಬ್ಯಾಡ. ನಾ ಹಂಗ ಹೊಲಿತೀನಿ, ಅಕಿ ಲಗ್ನದಾಗೂ ಯಾರಿಗೂ ತಿಳೀಬಾರದು."

"ನೀವು ತಿಳೀದಂಗ ಹೊಲಿದದ್ದಕ್ಕ ನಮಗೂ ತಿಳೀಲಿಲ್ಲ, ಅತ್ತಿ" ಎಂದಳು ಸೊಸೆ ನೀಲಮ, ಅಕ್ಕಿ ಆರಿಸುತ್ತ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸೀತವ್ವ ಜಗಳವನ್ನಾದರೂ ಆಡಬಹುದಿತ್ತು.

ಪಂಚಮಿ ಹಬ್ಬ ಹತ್ತಿರ ಬಂತು. ಹೊಸ ಫ್ರಾಕಿಗೆ ಮೊಮ್ಮಗಳನ್ನು ಅಂಗಡಿಯಲ್ಲಿ ನಿಲ್ಲಿಸಿದಳು. ಮಕ್ಕಳ ಎದೆಯನ್ನು ಉಸಿರು ತುಂಬಿಸಿಯೇ ಅಳೆಯಬೇಕು, ಇಲ್ಲದಿದ್ದರೆ ಆಟಕ್ಕೆ ಅರಿವಿ ಬಿಗಿಯುತ್ತದೆ ಎಂಬುದು ಅವಳ ಪದ್ಧತಿ.

"ಉಬ್ಬು ನನ ರಾಣಿ, ಪುರಿ ಉಬ್ಬಿದಂಗ."

ಸಮೃದ್ಧಿ ಗಲ್ಲ ಉಬ್ಬಿಸಿದಳು.

"ಗಲ್ಲ ಅಲ್ಲಲೇ, ಎದಿ."

ಟೇಪು ಜಾರದಂತೆ ಸೀತವ್ವ ಎರಡೂ ಪಕ್ಕೆಗೆ ಅಂಗೈ ಒತ್ತಿ ಹಿಡಿದಳು. ಬಲ ಅಂಗೈ ಮೇಲೆದ್ದಿತು. ಎಡ ಅಂಗೈ ಇದ್ದಲ್ಲೇ ಇತ್ತು. "ಮತ್ತೊಮ್ಮಿ" ಎಂದಳು. ಮತ್ತೂ ಹಾಗೆಯೇ.

"ಇಷ್ಟ ಬರ್ತೈತಿ ಆಯಿ" ಎಂದಳು ಹುಡುಗಿ, ತಪ್ಪು ತನ್ನದೇ ಎಂಬಂತೆ.

ಸೀತವ್ವ ಟೇಪನ್ನು ಬಿಚ್ಚಿ ಕೊರಳಿಗೆ ಹಾಕಿಕೊಂಡಳು. ಆವತ್ತು ಅಂಗಡಿ ಬೇಗ ಮುಚ್ಚಿತು.

"ಮಾಡಸೋಣು" ಎಂದಳು, ಮನೆಗೆ ಬಂದವಳೇ ಚಪ್ಪಲಿ ಕೂಡ ಬಿಡದೆ. "ಅರಿವ್ಯಾಗ ಉಸುರಿಗೆ ಜಾಗಾ ಬಿಡಾಕ ನನಗ ಬರ್ತೈತಿ. ಎದ್ಯಾಗ ಬಿಡಾಕ ಬರೂದಿಲ್ಲ."

ನೀಲಮ ಎದ್ದು ಅತ್ತೆಗೆ ಚಹಾ ಇಟ್ಟಳು. ಸಕ್ಕರೆ ಎರಡು ಸಲ ಬಿದ್ದಿತ್ತು, ಸೀತವ್ವ ತಳದವರೆಗೂ ಕುಡಿದಳು.

ಮಿರಜಿಗೆ ಎರಡನೇ ಸಲ ಹೋದಾಗ ಪ್ರಶ್ನೆ ಕೇಳಿದ್ದೆಲ್ಲ ಸೀತವ್ವನೇ.

"ಹುಡುಗಿ ಬೆಳೀತಾಳ. ನಿಮ್ಮ ಸರಳು ಬೆಳೀತಾವೇನ್ರಿ?"

"ಅಕಿ ಬೆಳದಂಗ ನಾವು ಅವನ್ನ ಉದ್ದ ಮಾಡ್ಕೋತ ಹೋಗ್ತೀವ್ರಿ."

"ಅಂದ್ರ ಒಳಗ ಪಟ್ಟಿ ಮಡಚಿಟ್ಟು ಹೊಲದು, ವರ್ಷಾ ಒಂದಿಷ್ಟು ಬಿಚ್ಚತೀರಿ."

ಡಾಕ್ಟರು ಕನ್ನಡಕ ತೆಗೆದು ನಕ್ಕರು. "ಹೌದ್ರಿ, ಹಂಗ ಅನ್ನಬಹುದು."

ಆ ಕ್ಷಣದಿಂದ ಡಾಕ್ಟರು ಸೀತವ್ವನ ಲೆಕ್ಕದಲ್ಲಿ ಟೇಲರರ ಸಂಘಕ್ಕೆ ಸೇರಿದರು. ಬೆನ್ನು ನೇರವಾದರೆ ಹುಡುಗಿ ಎಷ್ಟು ಎತ್ತರವಾಗುತ್ತಾಳೆ ಎಂದು ಕೇಳಿ, ಎರಡು ಬೆರಳಿನಷ್ಟು ಆಗಬಹುದು ಎಂಬ ಉತ್ತರವನ್ನು ಪಡೆದು, ಆಪರೇಷನ್ನಿಗೆ ದಿನ ಗೊತ್ತು ಮಾಡಿಕೊಂಡೇ ಎದ್ದಳು.

ಆಪರೇಷನ್ ಆದ ಮೇಲೆ ಮಲಗಿದಲ್ಲೇ ತೊಡಿಸಲು ಬರುವಂತೆ ಮುಂದೆ ಗುಂಡಿಯಿಟ್ಟು ಫ್ರಾಕು ಹೊಲಿದಳು. ಅಂಚು ಸುತ್ತಲೂ ಸಮ. ಉದ್ದ, ಡಾಕ್ಟರು ಹೇಳಿದ ಎರಡು ಬೆರಳು ಹೆಚ್ಚು. ಸಮೃದ್ಧಿ ತೊಟ್ಟು ನಿಂತರೆ ಅದು ಒಂದು ಕಡೆ ಮೊಣಕಾಲಿಗೆ, ಇನ್ನೊಂದು ಕಡೆ ಹೆಚ್ಚುಕಡಿಮೆ ಮುಗಳಖೋಡದ ನೆಲಕ್ಕೆ.

ಅಂಗಡಿಯ ಕಟ್ಟೆಯ ಮೇಲೆ ಕೂತು ಸದಾ ಮೇಲ್ವಿಚಾರಣೆ ಮಾಡುವ ಗಂಡ ದಶರಥ ಇಂಥ ದಿನಕ್ಕಾಗಿಯೇ ಕಾದಿದ್ದ. "ಕೆಡಿಸಿದಿ ನೋಡು ಸೀತಿ. ಕಡೀಕೂ ಒಂದು ಆಲ್ಟರಿಗೆ ಬಂತು."

ಸೀತವ್ವನ ಕೈ ರೂಢಿಯಂತೆ ಗುಂಡುಸೂಜಿ ಹಿಡಿದು ಅಂಚಿನ ಕಡೆ ಹೋಗಿತ್ತು. ಅದನ್ನು ಎಳೆದುಕೊಂಡು ಸೂಜಿಯನ್ನು ತನ್ನ ಜಂಪರಿಗೇ ಚುಚ್ಚಿಕೊಂಡಳು.

"ಫ್ರಾಕಿಗೆ ಕೈ ಹಚ್ಚೂದಿಲ್ಲ. ಆಲ್ಟರ್ ಆಗೂದು ಮಿರಜದಾಗ."

"ಆಯಿ, ಇದಕ್ಕ ಕಿಸೆನ ಇಲ್ಲಲ್ಲ" ಎಂದಳು ಸಮೃದ್ಧಿ.

"ಯಾ ಕಡೆ ಬೇಕು?"

"ಎರಡೂ ಕಡೆ. ಒಂದರಾಗ ನನಗ ಚುರಮರಿ."

"ಇನ್ನೊಂದರಾಗ?"

"ಡಾಕ್ಟರ್‌ಗೆ. ಹೊಲಿಯಾಕ ಕುಂತಾಗ ನಿನಗ ಹಸಿವಿ ಆಗೂದಿಲ್ಲೇನ?"

ಸೀತವ್ವ ಉಳಿದ ಬಟ್ಟೆಯನ್ನು ಹರವಿ, ಎರಡು ಕಿಸೆಗೆ ಕತ್ತರಿ ಹಾಕಿದಳು. ಡಾಕ್ಟರ ಕಿಸೆಯನ್ನು ಕೊಂಚ ದೊಡ್ಡದು ಮಾಡಿದಳು.